ಆಹಾರದ ಸಸ್ಯಸಂಯುಕ್ತಗಳು, ಕ್ಯಾನ್ಸರ್ ಆಕರಕೋಶಗಳು ಮತ್ತು ಯಾದಗಿರಿ ಸೀಮೆ

ಗಡ್ಡೆಯ ಎಲ್ಲ ಕೋಶಗಳೂ ರೋಗವನ್ನು ಮರುಹುಟ್ಟಿಸಲಾರವು, ಆ ಶಕ್ತಿ ಇರುವುದು ಕೆಲವೇ ಆಕರಕೋಶಗಳಿಗೆ (ಸ್ಟೆಮ್ ಸೆಲ್) ಎಂಬ ವಿಚಾರಕ್ಕೆ 1994ರಲ್ಲಿ ಟೊರಾಂಟೊದ ಜಾನ್ ಡಿಕ್ ತಂಡ ರಕ್ತಕ್ಯಾನ್ಸರಿನಲ್ಲಿ ಪುರಾವೆ ಕೊಟ್ಟಿತು. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಸ್ತನಕ್ಯಾನ್ಸರಿನಲ್ಲೂ ಅಂಥ ಕೋಶಗಳನ್ನು ಗುರುತಿಸಿದರು. ಅರಿಶಿನದ ಕ್ಯಾನ್ಸರ್ ವಿರೋಧಿ ಗುಣವನ್ನು ತ್ರಿಶೂರಿನ ಅಮಲಾ ಕ್ಯಾನ್ಸರ್ ಕೇಂದ್ರ 1985ರಲ್ಲೇ ವರದಿ ಮಾಡಿತ್ತು. ಈ ಎರಡು ಎಳೆಗಳು ಕೂಡಿದ್ದು 2010ರ ಹೊತ್ತಿಗೆ. ಅರಿಶಿನದ ಕರ್ಕ್ಯುಮಿನ್ ಮತ್ತು ಕಾಳುಮೆಣಸಿನ ಪೈಪರಿನ್ ಸ್ತನದ ಆಕರಕೋಶಗಳು ತಮ್ಮಂಥವನ್ನೇ ಹುಟ್ಟಿಸಿಕೊಳ್ಳುವುದನ್ನು ತಡೆಯುತ್ತವೆ ಎಂದು ಮಿಷಿಗನ್ನಿನ ಪ್ರಯೋಗಾಲಯ ಆ ವರ್ಷ ತೋರಿಸಿತು.

ಇಷ್ಟರಿಂದ ಅಡುಗೆಮನೆಯೇ ಔಷಧಾಲಯ ಎನ್ನಲಾಗದು. ಆ ಪ್ರಯೋಗದಲ್ಲಿ ಬಳಸಿದ ಕರ್ಕ್ಯುಮಿನ್ ಸಾಂದ್ರತೆ 5ರಿಂದ 10 ಮೈಕ್ರೊಮೋಲಾರ್. 2001ರ ಒಂದು ಅಧ್ಯಯನದಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಕಂಡ ಗರಿಷ್ಠ ಮಟ್ಟ ಸರಾಸರಿ 1.77 ಮೈಕ್ರೊಮೋಲಾರ್ ಮಾತ್ರ. ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ಶೇ 3. ಹಾಗಾಗಿ 8 ಗ್ರಾಂ ಎಂದರೆ ಕಾಲು ಕಿಲೋಗೂ ಹೆಚ್ಚು ಅರಿಶಿನ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು, ರಕ್ತಕ್ಕೆ ಸೇರುವ ಪ್ರಮಾಣ ಹಲವು ಪಟ್ಟು ಏರಿದ್ದನ್ನು ಕಂಡರು. ಆದರೆ ರಕ್ತಕ್ಕೆ ಸೇರುವುದು ಬೇರೆ, ಗಡ್ಡೆ ಕರಗುವುದು ಬೇರೆ. ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ಬಂದಿಲ್ಲವೆ ಎಂದು ಕೇಳುವವರಿದ್ದಾರೆ. ಬಂದಿದೆ, ಶುದ್ಧಗೊಂಡು, ಅಳತೆಗೊಂಡು, ರೋಗಿಗಳ ಮೇಲಿನ ಪರೀಕ್ಷೆ ದಾಟಿ, ರಕ್ತನಾಳಕ್ಕೆ ಚುಚ್ಚುವ ಔಷಧವಾಗಿ ಬಂದಿದೆ. ಕರ್ಕ್ಯುಮಿನ್ ಇನ್ನೂ ಆ ಪರೀಕ್ಷೆ ದಾಟಿಲ್ಲ.

ಈ ಎಚ್ಚರ ಯಾದಗಿರಿ ಸೀಮೆಗೂ ಬೇಕು. ಯಾದಗಿರಿ, ಶಹಾಪುರ, ಸುರಪುರದ ಊಟದಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಬಳ್ಳೊಳ್ಳಿ, ಅರಿಶಿನ ಎಲ್ಲವೂ ಇವೆ. ತಲೆಮಾರುಗಳಿಂದ ಇದನ್ನೇ ಉಂಡವರಿಗೆ ಕ್ಯಾನ್ಸರ್ ಭಯವೇಕೆ ಎಂಬ ಮಾತಿಗೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾವನ್ನು ನೆನೆಯಬೇಕು. ಅಲ್ಲಿಯದೇ ಆದ ಮಂಗಳೂರು ಎಂಬ ಗ್ರಾಮದ ಹಳೆಯ ಚಿನ್ನದ ಗಣಿಯ ಸೀಮೆಯದು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 59 ಕೊಳವೆಬಾವಿ ಮಾದರಿಗಳ ಪೈಕಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯನ್ನು ಮೀರಿತ್ತು, ಗರಿಷ್ಠ 303. ಪರೀಕ್ಷಿಸಿದ 181 ಜನರಲ್ಲಿ ಶೇ 58.6ರಷ್ಟು ಮಂದಿಗೆ ಆರ್ಸೆನಿಕ್ಕಿನ ಚರ್ಮದ ಗುರುತುಗಳಿದ್ದವು. ಊಟ ಅವರನ್ನು ಕಾಯಲಿಲ್ಲ. ಆರ್ಸೆನಿಕ್ಕಿಗೆ ಒಡ್ಡಿದ ಮನುಷ್ಯನ ಪ್ರಾಸ್ಟೇಟ್ ಆಕರಕೋಶಗಳು ಕ್ಯಾನ್ಸರ್ ಆಕರಕೋಶದ ಗುಣ ಪಡೆಯುತ್ತವೆ ಎಂದು ಅಮೆರಿಕದ ವಿಜ್ಞಾನಿಗಳು 2010ರಲ್ಲಿ ತೋರಿಸಿದರು. ಅದೂ ಪ್ರಯೋಗಾಲಯದ ಮಾತೇ ಅಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದು. ವ್ಯತ್ಯಾಸವೆಂದರೆ, ನೀರಿನ ಆರ್ಸೆನಿಕ್ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಮನುಷ್ಯರಲ್ಲೇ ಸಾಬೀತಾಗಿದೆ; ಅರಿಶಿನದ ರಕ್ಷಣೆ ಸಾಬೀತಾಗಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಕರ್ಕ್ಯುಮಿನ್ ಮಾತ್ರೆಯ ಡಬ್ಬಿಗಿಂತ ಮೊದಲು ಕೊಳವೆಬಾವಿಯ ನೀರು ಪರೀಕ್ಷೆಯಾಗಬೇಕು. ಅಂಥ ನೀರು ಕುಡಿದು ಅಂಗೈ, ಅಂಗಾಲು ಗಡುಸಾದವರು ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು.