ಚಿತ್ರಕಾರರ ಕೈ ಕಟ್ಟಿದಾಗ

ಏನಿದು?

ಕ್ಯಾನ್ವಾಸ್ ಸಿದ್ಧವಿದೆ, ಬಣ್ಣವಿದೆ, ಬಿಡುವೂ ಇದೆ. ಆದರೂ ಕೈ ಓಡುವುದಿಲ್ಲ. ಬಿಡಿಸಿದ್ದೆಲ್ಲ ಹಿಂದೆಂದೋ ಬಿಡಿಸಿದ ಹಾಗೆ ಕಾಣುತ್ತದೆ, ಇಲ್ಲವೇ ಬೇರೆ ಯಾರದೋ ಚಿತ್ರದ ಹಾಗೆ. ಕಲಾ ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಬ್ಲಾಕ್’. ಲೇಖಕರ ಇಂಥ ಸ್ಥಿತಿಗೆ ಈ ಹೆಸರಿಟ್ಟವರು ಆಸ್ಟ್ರಿಯಾ ಮೂಲದ ಮನೋವಿಶ್ಲೇಷಕ ಎಡ್ಮಂಡ್ ಬರ್ಗ್ಲರ್, 1940ರ ದಶಕದಲ್ಲಿ. ಶೈಶವದ ಅನುಭವಗಳಲ್ಲಿ ಮೂಲ ಹುಡುಕಿದ ಅವರ ವಿವರಣೆಗೆ ಈಗ ಹೆಚ್ಚು ಬೆಲೆಯಿಲ್ಲ, ಹೆಸರು ಮಾತ್ರ ಬಳಕೆಯಲ್ಲಿ ಉಳಿದಿದೆ.

ಕಾರಣಗಳು

ಸ್ಫೂರ್ತಿ ಬತ್ತಿತು ಎನ್ನುವುದು ಎಲ್ಲರೂ ಕೊಡುವ ಕಾರಣ. ದೊಡ್ಡ ಚಿತ್ರಕಾರರ ಬದುಕನ್ನು ನೋಡಿದರೆ ಬೇರೆಯೇ ಒಂದು ಸಂಗತಿ ಎದ್ದು ಕಾಣುತ್ತದೆ: ಕೈ ವಿಪರೀತ ಪಳಗಿಬಿಟ್ಟಿರುತ್ತದೆ. ಹೆಸರು ತಂದುಕೊಟ್ಟ ಶೈಲಿಯೇ ಮುಂದಿನ ದಾರಿಗೆ ಅಡ್ಡ ನಿಲ್ಲುತ್ತದೆ. ಇದರ ಜೊತೆಗೆ ವಿಮರ್ಶೆಯ ಭಯ, ಗಡುವು, ದುಡ್ಡಿನ ಚಿಂತೆ, ದಣಿವು. ಸಾವಿನ ದುಃಖವೂ ಕಾರಣವಾಗಬಹುದು. 1911ರಲ್ಲಿ ಹೆಂಡತಿ ಆಲಿಸ್ ತೀರಿಕೊಂಡ ಮೇಲೆ ಕ್ಲೋಡ್ ಮೋನೆ ಬಹುಕಾಲ ಕುಂಚದಿಂದ ದೂರವಾದರು; ಮರುವರ್ಷ ಕಣ್ಣಿನಲ್ಲಿ ಪೊರೆ ಇರುವುದೂ ಗೊತ್ತಾಯಿತು. 1914ರಲ್ಲಿ ಮಗ ಜಾನ್‌ನನ್ನೂ ಕಳೆದುಕೊಂಡರು. ನೈದಿಲೆಗಳ ಬೃಹತ್ ಚಿತ್ರಗಳಿಗೆ ಕೈ ಹಾಕಿದ್ದು ಅದೇ ವರ್ಷ.

ಊಟ, ನಿದ್ದೆ, ಮನೆಯವರ ಮಾತು ಯಾವುದೂ ಬೇಡವೆನಿಸಿ ವಾರಗಟ್ಟಲೆ ಹಾಗೇ ಮುಂದುವರಿದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಮನೋವೈದ್ಯರನ್ನು ಕಾಣಬೇಕು. ಇಲ್ಲಿ ಹೇಳುವ ಉಪಾಯಗಳು ಅದಕ್ಕೆ ಸಾಲವು.

ಗಸ್ಟನ್ ಬಿಡಿಸಿದ ಒಂಟಿ ಗೆರೆಗಳು

ಪಳಗಿದ ಕೈಯಿಂದ ಹೊರಬರುವುದು ಎಷ್ಟು ಕಷ್ಟವೆಂಬುದಕ್ಕೆ ಅಮೆರಿಕದ ಫಿಲಿಪ್ ಗಸ್ಟನ್ ಒಳ್ಳೆಯ ಉದಾಹರಣೆ. 1950ರ ದಶಕದಲ್ಲಿ ಅವರು ಅಮೂರ್ತ ಚಿತ್ರಗಳಿಂದ ಪ್ರಸಿದ್ಧರು. 1962ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಅದುವರೆಗಿನ ಕೃತಿಗಳ ಪ್ರದರ್ಶನವನ್ನೇ ನಡೆಸಿತ್ತು. 1966ರ ಹೊತ್ತಿಗೆ ಅವರು ಪೇಂಟಿಂಗ್ ನಿಲ್ಲಿಸಿದರು. ನಗರ ಬಿಟ್ಟು ವುಡ್‌ಸ್ಟಾಕ್ ಎಂಬ ಸಣ್ಣ ಊರಿಗೆ ಹೋದರು.

ಅಲ್ಲಿ ಅವರು ಸುಮ್ಮನೆ ಕೂರಲಿಲ್ಲ. ಇದ್ದಿಲು ಅಥವಾ ಶಾಯಿ ಹಿಡಿದು, ಬಿಳಿ ಹಾಳೆಯ ಮೇಲೆ ಒಂದು ಗೆರೆ, ಹೆಚ್ಚೆಂದರೆ ಎರಡು ಮೂರು. ಅದೇ ಕಾಲದಲ್ಲಿ ಪುಸ್ತಕ, ಬೂಟು, ಬಟ್ಟಲಿನಂಥ ಮನೆಯ ವಸ್ತುಗಳನ್ನೂ ಬಿಡಿಸಿದರು. ಒಂದು ದಿನ ಬರಿಯ ಗೆರೆ ಸರಿ ಎನಿಸಿದರೆ ಮರುದಿನ ವಸ್ತು ಸರಿ ಎನಿಸುತ್ತಿತ್ತು. ಈ ತೊಳಲಾಟದಲ್ಲಿ ಸುಮಾರು ಎರಡು ವರ್ಷ ಕಳೆದು ಕೊನೆಗೆ ವಸ್ತು ಗೆದ್ದಿತು. ಚಿಕ್ಕ ಹಲಗೆಗಳ ಮೇಲೆ ಒಂದೊಂದೇ ವಸ್ತು ಬರೆಯುತ್ತ ಪೇಂಟಿಂಗಿಗೆ ಮರಳಿದರು. 1970ರ ಅಕ್ಟೋಬರಿನಲ್ಲಿ ಮಾರ್ಲ್‌ಬರೋ ಗ್ಯಾಲರಿಯಲ್ಲಿ ಈ ಹೊಸ ಚಿತ್ರಗಳು, ಮುಖಗವಸಿನ ವ್ಯಂಗ್ಯಾಕೃತಿಗಳು ಸೇರಿದಂತೆ, ತೂಗಿದಾಗ ವಿಮರ್ಶಕರು ಕೆಂಡ ಕಾರಿದರು. ಇಂದು ಗಸ್ಟನ್ ಎಂದರೆ ಹಲವರಿಗೆ ನೆನಪಾಗುವುದು ಆ ಚಿತ್ರಗಳೇ. ಬ್ಲಾಕ್ ಎಂದು ನಾವು ಕರೆಯುವ ಆ ಎರಡು ವರ್ಷಗಳಲ್ಲಿ ನಡೆದದ್ದು ನನ್ನ ದೃಷ್ಟಿಯಲ್ಲಿ ಅಕ್ಷರಾಭ್ಯಾಸ.

ವಿಷಯ ಹೊಳೆಯದ ತಿಂಗಳುಗಳು

1935ರಲ್ಲಿ ಪಿಕಾಸೊ ಕೂಡ ಪೇಂಟಿಂಗ್ ಬಿಟ್ಟು ಕವಿತೆ ಬರೆಯುತ್ತಿದ್ದರು. 1937ರ ಜನವರಿಯಲ್ಲಿ ಪ್ಯಾರಿಸ್ ಜಾಗತಿಕ ಪ್ರದರ್ಶನದ ಸ್ಪೇನ್ ಮಂಟಪಕ್ಕೆ ದೊಡ್ಡದೊಂದು ಚಿತ್ರ ಬೇಕೆಂದು ಆ ದೇಶದ ಗಣರಾಜ್ಯ ಸರ್ಕಾರ ಕೇಳಿತು. ಮೂರು ತಿಂಗಳಾದರೂ ವಿಷಯ ಹೊಳೆಯಲಿಲ್ಲ. ಏಪ್ರಿಲ್‌ನಲ್ಲೂ ಚಿತ್ರಕಾರ ಮತ್ತು ರೂಪದರ್ಶಿ ಎಂಬ ತಮ್ಮ ಹಳೆಯ ವಸ್ತುವನ್ನೇ ಗೀಚುತ್ತಿದ್ದರು. ಏಪ್ರಿಲ್ 26ರಂದು ಸ್ಪೇನ್‌ನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿತ್ತು. ಮೇ 1ಕ್ಕೆ ಮೊದಲ ರೇಖಾಚಿತ್ರಗಳು ಮೂಡಿದವು, ಜೂನ್ ಮೊದಲ ವಾರಕ್ಕೆ ಏಳೂಮುಕ್ಕಾಲು ಮೀಟರ್ ಅಗಲದ ‘ಗೆರ್ನಿಕಾ’ ಚಿತ್ರ ಮುಗಿಯಿತು. ಸುದ್ದಿ ಬಂದಾಗ ಸ್ಟುಡಿಯೊ ಇತ್ತು, ಒಪ್ಪಿಕೊಂಡ ಕೆಲಸವಿತ್ತು, ಗೀಚುವ ರೂಢಿ ತಪ್ಪಿರಲಿಲ್ಲ ಎಂಬುದನ್ನು ಈ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನಕಲು, ಹೊಸ ಮಾಧ್ಯಮ

ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, 1889–90ರಲ್ಲಿ, ವ್ಯಾನ್ ಗೋ ಕಾಯಿಲೆಯಿಂದ ಹೊರಗೆ ಹೋಗಲಾಗದ ದಿನಗಳಲ್ಲಿ ಫ್ರೆಂಚ್ ಚಿತ್ರಕಾರ ಮಿಲೆಯ ಕಪ್ಪುಬಿಳುಪು ಮುದ್ರಣಗಳನ್ನು ಎದುರಿಗಿಟ್ಟುಕೊಂಡು ತಮ್ಮದೇ ಬಣ್ಣದಲ್ಲಿ ಬರೆದರು, ಸುಮಾರು 20 ಚಿತ್ರ. ಬೇರೆಯವರ ರಚನೆ ನುಡಿಸುವ ಸಂಗೀತಗಾರರಿಗೆ ಅವರು ತಮ್ಮನ್ನು ಹೋಲಿಸಿಕೊಂಡಿದ್ದರು. ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತ್ಯಾಗರಾಜರ ಕೃತಿ ಹಾಡಿದವರನ್ನು ಯಾರೂ ನಕಲುಗಾರರೆನ್ನುವುದಿಲ್ಲ.

ಮಾಧ್ಯಮ ಬದಲಿಸುವುದು ಇನ್ನೊಂದು ದಾರಿ. 1924ರಲ್ಲಿ ರವೀಂದ್ರನಾಥ ಟ್ಯಾಗೋರರು ‘ಪೂರಬಿ’ ಕವನಸಂಕಲನದ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಜೋಡಿಸುತ್ತ ಹಕ್ಕಿ, ಮೃಗಗಳ ಆಕಾರ ಕೊಟ್ಟರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಚಿತ್ರಪ್ರದರ್ಶನ ನಡೆದಾಗ ವಯಸ್ಸು 69ರ ಹತ್ತಿರ. ಅವರದೇ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ಆಯ್ಕೆಯೇ ಇರಲಿಲ್ಲ: 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ವಿಫಲವಾಗಿ ದೃಷ್ಟಿ ಪೂರ್ತಿ ಹೋಯಿತು. ಕಾಗದ ಕತ್ತರಿಸಿ ಅಂಟಿಸಿದರು, ಮಡಿಸಿ ಆಕೃತಿ ಮಾಡಿದರು, ಹೆಂಚಿನ ಭಿತ್ತಿಚಿತ್ರವನ್ನೂ ರಚಿಸಿದರು. ಅವರ ಶಿಷ್ಯ ಸತ್ಯಜಿತ್ ರಾಯ್ 1972ರ ‘ದಿ ಇನ್ನರ್ ಐ’ ಸಾಕ್ಷ್ಯಚಿತ್ರದಲ್ಲಿ ಇದನ್ನು ಚಿತ್ರೀಕರಿಸಿದ್ದಾರೆ.

ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಮಾಧ್ಯಮ ಬದಲಿಸಲಿಲ್ಲ, ಕಥಕ್ ಕಲಿತರು. ನರ್ತಕನಾಗುವ ಆಸೆಯಿಂದಲ್ಲ, ಲಯವನ್ನು ಮೈಯಲ್ಲೇ ಅರಿಯಲು. ಬೊಂಬಾಯಿಯ ಜೆ.ಜೆ. ಕಲಾಶಾಲೆ, ಪ್ಯಾರಿಸ್‌ನ ಅಕಾಡೆಮಿ ಜೂಲಿಯನ್ ಎರಡರಲ್ಲೂ ಓದಿದವರು ಗುರುವಿನ ಮುಂದೆ ಗೆಜ್ಜೆ ಕಟ್ಟಿ ಹೆಜ್ಜೆ ಕಲಿಯಲು ನಿಂತರೆನ್ನುವುದು ನನಗೆ ಅವರ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅವರ ರೇಖಾಚಿತ್ರಗಳಲ್ಲಿ ಒಂದೇ ಎಳೆಯಲ್ಲಿ ಕುಣಿಯುವ ದೇಹಗಳನ್ನು ನೋಡಿದರೆ ಆ ಪಾಠ ಎಲ್ಲಿ ಸೇರಿತೆಂದು ತಿಳಿಯುತ್ತದೆ.

ನಿತ್ಯದ ರೂಢಿ

ಚಿತ್ರಕಾರ ನಂದಲಾಲ್ ಬೋಸರು ಕಂಡದ್ದನ್ನೆಲ್ಲ ಪೋಸ್ಟ್‌ಕಾರ್ಡ್‌ಗಳ ಮೇಲೆ ಬಿಡಿಸಿ ಗೆಳೆಯರಿಗೆ, ಶಿಷ್ಯರಿಗೆ ಕಳಿಸುತ್ತಿದ್ದರು. ಅಷ್ಟು ಚಿಕ್ಕ ಜಾಗದಲ್ಲಿ ಮಹಾಕೃತಿಯ ಭಯ ಇರುವುದಿಲ್ಲ. ನಡಿಗೆಯೂ ನೆರವಾಗುತ್ತದೆ: ನಡೆಯುವಾಗ ಹೊಸ ಆಲೋಚನೆಗಳು ಹೆಚ್ಚು ಬರುತ್ತವೆಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2014ರಲ್ಲಿ ತೋರಿಸಿದರು. ಬರಿಗೋಡೆಯ ಮುಂದೆ ಟ್ರೆಡ್‌ಮಿಲ್ ತುಳಿದವರಿಗೂ ಲಾಭವಾಯಿತು, ಅಂದರೆ ಲಾಲ್‌ಬಾಗೇ ಆಗಬೇಕೆಂದಿಲ್ಲ.

ದುಡ್ಡು

ಅಮೆರಿಕದ ಮನಶ್ಶಾಸ್ತ್ರಜ್ಞೆ ತೆರೆಸಾ ಅಮಾಬಿಲೆ ಮತ್ತು ಸಂಗಡಿಗರು ಕಲಾವಿದರ ಎರಡು ಬಗೆಯ ಕೃತಿಗಳನ್ನು ಪರಿಣತರ ಮುಂದಿಟ್ಟರು: ಬೇರೆಯವರ ಬೇಡಿಕೆಗೆ ಮಾಡಿದವು, ತಮ್ಮಿಷ್ಟಕ್ಕೆ ಮಾಡಿದವು. ಕೌಶಲದಲ್ಲಿ ಎರಡೂ ಸಮ. ಹೊಸತನದಲ್ಲಿ ಬೇಡಿಕೆಯವು ಹಿಂದೆ. ಗೆರ್ನಿಕಾ ಕೂಡ ಬೇಡಿಕೆಯದೇ, ಆದ್ದರಿಂದ ಇದನ್ನು ನಿಯಮವೆನ್ನಲಾಗದು. ಕೇಳಿದವರು ಕೈ ಎಷ್ಟು ಕಟ್ಟಿಹಾಕುತ್ತಾರೆ ಎನ್ನುವುದೇ ಮುಖ್ಯ.

ದುಡ್ಡಿನ ಈ ಒತ್ತಡಕ್ಕೆ ಮದರಾಸಿನ ಚಿತ್ರಕಾರರು ಕಂಡುಕೊಂಡ ಪರಿಹಾರ ಸ್ಫೂರ್ತಿಯ ಭಾಷಣಗಳಿಗಿಂತ ಗಟ್ಟಿ. ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ಸಮುದ್ರದಂಚಿನಲ್ಲಿ ಚೋಳಮಂಡಲ ಕಲಾಗ್ರಾಮ ಕಟ್ಟಿದವರು ಬಾಟಿಕ್‌ನಂಥ ಕರಕುಶಲ ವಸ್ತುಗಳನ್ನು ಮಾರಿ ಹೊಟ್ಟೆ ಹೊರೆದರು. ಕ್ಯಾನ್ವಾಸ್ ಮಾರಾಟವಾಗಲೇಬೇಕೆಂಬ ಒತ್ತಡ ಇರಲಿಲ್ಲ. ಮೈಸೂರು ಮೂಲದ ಎಸ್.ಜಿ. ವಾಸುದೇವ್ ಆ ತಂಡದಲ್ಲಿದ್ದರು. ತೈಲಚಿತ್ರದ ಜೊತೆಗೆ ತಾಮ್ರದ ಉಬ್ಬುಚಿತ್ರ, ಮುಂದೆ ಬೆಂಗಳೂರಿನಲ್ಲಿ ನೇಕಾರರೊಬ್ಬರ ಜೊತೆಗೂಡಿ ರೇಷ್ಮೆಯ ಟ್ಯಾಪೆಸ್ಟ್ರಿ ಎಂದು ಅವರ ಕೆಲಸ ಒಂದರಿಂದ ಇನ್ನೊಂದಕ್ಕೆ ಹರಿಯಿತು.