ಬೆಂಗಳೂರಿನ ಹಳೆಯ ಬಡಾವಣೆಗಳ ಉಪಾಹಾರ ಗೃಹಗಳು

ಬೆಂಗಳೂರಿನ ಹಳೆಯ ಬಡಾವಣೆಗಳ ಉಪಾಹಾರ ಗೃಹಗಳು ಕರ್ನಾಟಕದ ರಾಜಧಾನಿಯ ಪೇಟೆ, ಬಸವನಗುಡಿ, ಮಲ್ಲೇಶ್ವರ ಮತ್ತು ದಂಡು ಪ್ರದೇಶಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಬೆಳೆದುಬಂದ ಹೋಟೆಲು, ಕಾಫಿ ಕ್ಲಬ್ಬು, ಬೇಕರಿ ಹಾಗೂ ಮಿಲಿಟರಿ ಹೋಟೆಲುಗಳಾಗಿವೆ. ಹೊಸ ಕಾಲದ ತಿನಿಸುತಾಣಗಳು ಹೆಚ್ಚಾಗಿ ಇಂದಿರಾನಗರ ಮತ್ತು ಕೋರಮಂಗಲಗಳಲ್ಲಿವೆ. ನಗರದ ವಲಸೆ, ಜಾತಿ ಸಂಬಂಧ ಮತ್ತು ನಿವೇಶನ ಬೆಲೆಗಳ ಇತಿಹಾಸವು ಈ ಸ್ಥಳಗಳಲ್ಲಿ ಕಾಣಸಿಗುತ್ತದೆ.

ಹಿನ್ನೆಲೆ

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆಯು ನಗರದ ಮೂಲ ಭಾಗ. 1809ರಿಂದ ಅದರ ಪೂರ್ವಕ್ಕೆ ಬ್ರಿಟಿಷರ ದಂಡು ಬೆಳೆಯಿತು. 1898ರ ಪ್ಲೇಗಿನಲ್ಲಿ ಕಿಕ್ಕಿರಿದ ಪೇಟೆ ತತ್ತರಿಸಿದ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ವೇಗವಾಗಿ ತುಂಬಿದವು. ಕಚೇರಿ ಮತ್ತು ವಿದ್ಯಾಭ್ಯಾಸಕ್ಕೆಂದು ಬಂದವರಿಗೆ ಮನೆಯ ಹೊರಗೆ ಊಟ ಬೇಕಾಯಿತು. ಉಡುಪಿ, ಕುಂದಾಪುರ ಕಡೆಯಿಂದ ಬಂದ ಅಡುಗೆಯವರು ಈ ಅಗತ್ಯವನ್ನು ಪೂರೈಸಿದರು.

ಜಾತಿ ಮತ್ತು ಪಂಕ್ತಿ

ಆರಂಭದ ಹಲವು ಹೋಟೆಲುಗಳ ಹೆಸರಿನಲ್ಲಿ 'ಬ್ರಾಹ್ಮಣ' ಎಂಬ ಪದವಿತ್ತು. ಅಡುಗೆಯವರು ಯಾರೆಂಬುದು ಗಿರಾಕಿಗೆ ಮುಖ್ಯವಾಗಿದ್ದ ಕಾಲವದು. ಕೆಲವೆಡೆ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಗಳಿದ್ದವು, ದಲಿತರಿಗೆ ಪ್ರವೇಶವೇ ಇರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಸಾರ್ವಜನಿಕ ಉಪಾಹಾರ ಗೃಹಗಳ ಪ್ರವೇಶದಲ್ಲಿ ಜಾತಿಭೇದವನ್ನು ನಿಷೇಧಿಸಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಪರಿಚಿತರು ಒಂದೇ ಮೇಜಿನಲ್ಲಿ ಕುಳಿತು ಕಾಫಿ ಕುಡಿಯುವ ಇಂದಿನ ಸಾಮಾನ್ಯ ದೃಶ್ಯದ ಹಿಂದೆ ಈ ಬದಲಾವಣೆಯಿದೆ.

ಪೇಟೆ

ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನ 1926ರಲ್ಲಿ ಆರಂಭವಾಯಿತು. ಇಲ್ಲಿನ ದೋಸೆ ಮತ್ತು ಸಾಗು ಪ್ರಸಿದ್ಧ. ಅಯ್ಯಂಗಾರ್ ಬೇಕರಿಗಳ ಪರಂಪರೆಯೂ ಚಿಕ್ಕಪೇಟೆಯಿಂದ ಮೊದಲಾಯಿತು. ಹಾಸನ ಜಿಲ್ಲೆಯಿಂದ ಬಂದ ಕುಟುಂಬಗಳು ಮೊಟ್ಟೆಯಿಲ್ಲದ ಬ್ರೆಡ್ಡು, ಖಾರಾ ಬನ್ನು, ದಿಲ್‌ಪಸಂದ್‌ಗಳನ್ನು ನಾಡಿನಾದ್ಯಂತ ಹರಡಿದವು.

ಮಾಂಸಾಹಾರಕ್ಕೆ ಮಿಲಿಟರಿ ಹೋಟೆಲುಗಳಿದ್ದವು. ಇವುಗಳಲ್ಲಿ ಹಲವನ್ನು ಮರಾಠಿ ಮೂಲದ ಕುಟುಂಬಗಳು ನಡೆಸಿದವು. ಕಾಟನ್‌ಪೇಟೆಯ ಎಸ್. ಜಿ. ರಾವ್ಸ್ ಮಿಲಿಟರಿ ಹೋಟೆಲ್ (1908) ಹಳೆಯವುಗಳಲ್ಲಿ ಒಂದು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಮತ್ತೊಂದು ಹೆಸರಾಂತ ತಾಣ. ಮುದ್ದೆ, ಕಾಲು ಸೂಪು ಮತ್ತು ಅಡಿಕೆ ಹಾಳೆ ಅಥವಾ ಎಲೆಯ ದೊನ್ನೆಯಲ್ಲಿ ಬಡಿಸುವ ದೊನ್ನೆ ಬಿರಿಯಾನಿ ಇವುಗಳ ವಿಶೇಷ.

ಬಸವನಗುಡಿ ಮತ್ತು ವಿಶ್ವೇಶ್ವರಪುರ

ಲಾಲ್‌ಬಾಗ್ ಸಮೀಪದ ಮಾವಳ್ಳಿ ಟಿಫಿನ್ ರೂಮ್ (ಎಂ.ಟಿ.ಆರ್.) 1924ರಲ್ಲಿ ಮಯ್ಯ ಸಹೋದರರಿಂದ 'ಬ್ರಾಹ್ಮಣ ಕಾಫಿ ಕ್ಲಬ್' ಎಂಬ ಹೆಸರಿನಲ್ಲಿ ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ರವೆ ಇಡ್ಲಿ ಇಲ್ಲಿ ರೂಪುಗೊಂಡಿತೆಂದು ಸಂಸ್ಥೆ ಹೇಳುತ್ತದೆ. ತುರ್ತುಪರಿಸ್ಥಿತಿಯ ಅವಧಿಯಲ್ಲಿ ತಿನಿಸುಗಳ ಬೆಲೆಯನ್ನು ತೀರಾ ಕೆಳಗಿಳಿಸಬೇಕಾಗಿ ಬಂದಾಗ, ಗುಣಮಟ್ಟ ಬಿಟ್ಟುಕೊಡಲೊಪ್ಪದೆ ಹೋಟೆಲನ್ನೇ ಮುಚ್ಚಲಾಯಿತು. ಆಗ ಆರಂಭಿಸಿದ ಸಿದ್ಧ ಮಿಶ್ರಣಗಳ ಮಾರಾಟವು ದೊಡ್ಡ ಉದ್ಯಮವಾಗಿ ಬೆಳೆಯಿತು. ಹೋಟೆಲು 1984ರಲ್ಲಿ ಪುನಃ ತೆರೆಯಿತು. ಸಿದ್ಧ ಆಹಾರದ ವಿಭಾಗವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ (1943) ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಆರಂಭವಾದುದೆಂದು ಹೆಸರೇ ಸೂಚಿಸುತ್ತದೆ. ಗರಿಗರಿಯಾದ ಮಸಾಲೆ ದೋಸೆ, ಒಂದೇ ಕೈಯಲ್ಲಿ ತಟ್ಟೆಗಳ ಸಾಲನ್ನು ಹೊತ್ತು ತರುವ ಮಾಣಿಗಳು ಮತ್ತು ಗೋಡೆಯ ಮೇಲಿನ ಸಾಹಿತಿಗಳ ಚಿತ್ರಗಳು ಇಲ್ಲಿನ ಗುರುತು. ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ (1965) ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್ ಹಾಗೂ ಕಾಫಿ ಇಷ್ಟರಲ್ಲೇ ಹೆಸರು ಗಳಿಸಿದೆ. ಇಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿ ಸಂಜೆಯಾದೊಡನೆ ಜೀವಂತವಾಗುತ್ತದೆ. ಅವರೆಬೇಳೆ ಮೇಳ ಈ ಬೀದಿಯಲ್ಲಿ ಬೆಳೆದ ಚಳಿಗಾಲದ ಹಬ್ಬ.

ಮಲ್ಲೇಶ್ವರ

ಮಾರ್ಗೋಸಾ ರಸ್ತೆಯ ಸಿ.ಟಿ.ಆರ್. (ಈಗಿನ ಹೆಸರು ಶ್ರೀ ಸಾಗರ್) ಬೆಣ್ಣೆ ಮಸಾಲೆ ದೋಸೆಗೆ ಹೆಸರುವಾಸಿ. ಅದೇ ರಸ್ತೆಯ ವೀಣಾ ಸ್ಟೋರ್ಸ್‌ನಲ್ಲಿ ಗಿರಾಕಿಗಳು ಪಾದಚಾರಿ ಮಾರ್ಗದಲ್ಲಿ ನಿಂತೇ ಇಡ್ಲಿ ತಿನ್ನುತ್ತಾರೆ. ನಿಂತು ತಿನ್ನುವ ಈ ಪದ್ಧತಿಗೆ 1980ರ ದಶಕದಲ್ಲಿ ಜಯನಗರದಿಂದ ಆರಂಭವಾದ 'ದರ್ಶಿನಿ'ಗಳು ವ್ಯವಸ್ಥಿತ ರೂಪ ನೀಡಿದವು. ಮೊದಲು ಚೀಟಿ, ಸ್ವಸಹಾಯ, ಕಣ್ಣೆದುರಿನ ಅಡುಗೆಮನೆ, ಕಡಿಮೆ ಬೆಲೆ ಇವು ದರ್ಶಿನಿಯ ಲಕ್ಷಣಗಳು.

ದಂಡು ಪ್ರದೇಶ

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಪತ್ರಕರ್ತರು ಮತ್ತು ಕಲಾವಿದರ ಹರಟೆಯ ತಾಣ. ಇಂಡಿಯಾ ಕಾಫಿ ಹೌಸನ್ನು ಕಾರ್ಮಿಕರ ಸಹಕಾರ ಸಂಘ ನಡೆಸುತ್ತದೆ. ದೇಶದ ಇಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪನೆಯಾಯಿತು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಶಿವಾಜಿನಗರ ಮತ್ತು ಫ್ರೇಜರ್ ಟೌನ್‌ಗಳು ಕಬಾಬು, ಹಲೀಮುಗಳಿಗೆ, ವಿಶೇಷವಾಗಿ ರಂಜಾನ್ ಮಾಸದಲ್ಲಿ, ಪ್ರಸಿದ್ಧ.

ಇಂದಿರಾನಗರ ಮತ್ತು ಕೋರಮಂಗಲ

ಮೂಲತಃ ವಸತಿ ಬಡಾವಣೆಗಳಾದ ಇವು ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ಕೆಫೆ, ಪಬ್ಬು ಮತ್ತು ಅಲ್ಲಿಯೇ ಬಿಯರ್ ತಯಾರಿಸುವ ಕಿರು ಮದ್ಯ ತಯಾರಿಕಾ ಘಟಕಗಳ ಕೇಂದ್ರಗಳಾದವು. ಇಂದಿರಾನಗರದ ನೂರಡಿ ರಸ್ತೆ ಮತ್ತು 12ನೆಯ ಮುಖ್ಯರಸ್ತೆ ಇದಕ್ಕೆ ಉದಾಹರಣೆ. ರಾತ್ರಿಯ ಗದ್ದಲ ಮತ್ತು ವಾಹನ ನಿಲುಗಡೆಯ ಕುರಿತು ಸ್ಥಳೀಯ ನಿವಾಸಿಗಳ ಆಕ್ಷೇಪಗಳಿವೆ.

ಉಳಿವಿನ ಪ್ರಶ್ನೆ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆಯುತ್ತಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಮುಚ್ಚಿತು. ಒಂದು ದೋಸೆಯ ಲಾಭಕ್ಕಿಂತ ಅದನ್ನು ಬಡಿಸುವ ಜಾಗದ ಬೆಲೆ ಬಹುಪಾಲು ವೇಗವಾಗಿ ಏರುವುದು, ಅಡುಗೆಯವರ ಕೊರತೆ ಮತ್ತು ಮುಂದಿನ ತಲೆಮಾರಿನ ನಿರಾಸಕ್ತಿ ಇಂಥ ಹೋಟೆಲುಗಳೆಲ್ಲದರ ಮುಂದಿರುವ ಸಮಸ್ಯೆಗಳು. ಪಾರಂಪರಿಕ ಕಟ್ಟಡವನ್ನು ಸಂರಕ್ಷಿಸಿದರೂ ಅದರೊಳಗಿನ ಅಡುಗೆಮನೆ ತಾನಾಗಿ ಉಳಿಯದು.

ತಲುಪುವ ಬಗೆ

ಹಸಿರು ಮೆಟ್ರೊ ಮಾರ್ಗದ ಚಿಕ್ಕಪೇಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಮತ್ತು ಸಂಪಿಗೆ ರಸ್ತೆ ನಿಲ್ದಾಣಗಳು ಹಳೆಯ ಬಡಾವಣೆಗಳಿಗೂ, ನೇರಳೆ ಮಾರ್ಗದ ಮಹಾತ್ಮ ಗಾಂಧಿ ರಸ್ತೆ ಮತ್ತು ಇಂದಿರಾನಗರ ನಿಲ್ದಾಣಗಳು ಪೂರ್ವ ಭಾಗಕ್ಕೂ ಸಮೀಪವಾಗಿವೆ. ವಾರಾಂತ್ಯದ ಬೆಳಿಗ್ಗೆ ಪ್ರಸಿದ್ಧ ಹೋಟೆಲುಗಳ ಮುಂದೆ ಸರದಿಯಲ್ಲಿ ಕಾಯಬೇಕಾಗುತ್ತದೆ.