ನೋಡಿ ಬರೆಯುವ ಪಾಠ: ಟೆಂಟ್ ಸಿನಿಮಾದಿಂದ ಕೃತಕ ಬುದ್ಧಿಮತ್ತೆಯವರೆಗೆ

ಪ್ರಬಂಧ ಬರೆಯುವುದು ನಮ್ಮ ಪ್ರೌಢಶಾಲೆಗಳಲ್ಲಿ ಬಹಳ ಹಿಂದಿನಿಂದ ಬಂದ ಅಭ್ಯಾಸ. ಸಿನಿಮಾವನ್ನು ಪಾಠದಂತೆ ನೋಡುವ ರೂಢಿ ಮಾತ್ರ ಈಚಿನದು. ಟೆಂಟ್ ಸಿನಿಮಾದ ಕಾಲದಲ್ಲಿ ಅದು ಮಕ್ಕಳ ಓದು ಕೆಡಿಸುತ್ತದೆ ಎಂಬುದೇ ಅನೇಕ ಹಿರಿಯರ ಅಭಿಪ್ರಾಯವಾಗಿತ್ತು.

ಸಿನಿಮಾವನ್ನು ಗಂಭೀರವಾಗಿ ನೋಡುವ ಪ್ರಯತ್ನಗಳು ಮೊದಲು ನಗರಗಳಲ್ಲಿ ನಡೆದವು. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದವರು ಕಲ್ಕತ್ತ ಫಿಲ್ಮ್ ಸೊಸೈಟಿ ಕಟ್ಟಿದರು. 1960ರಲ್ಲಿ ಪುಣೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅಲ್ಲಿ ಚಿತ್ರ ರಸಗ್ರಹಣ ಕಲಿಸಿದ ಪ್ರೊ. ಸತೀಶ್ ಬಹಾದೂರ್ ಅವರು ರಾಯ್ ಅವರ ‘ಪಥೇರ್ ಪಾಂಚಾಲಿ’ (1955) ಚಿತ್ರವನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸುತ್ತಿದ್ದರು.

ಈ ವಿದ್ಯೆಯನ್ನು ನಮ್ಮ ನಾಡಿನ ಹಳ್ಳಿಗೆ ತಂದವರು ಕೆ.ವಿ. ಸುಬ್ಬಣ್ಣ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಅಲ್ಲಿನ ರಸಗ್ರಹಣ ಶಿಬಿರಗಳಿಗೆ ಬಹಾದೂರರೂ ಬಂದು ಕಲಿಸಿದರು. ಹಳ್ಳಿಯವರಿಗೆ ಇಂಥ ಚಿತ್ರ ಅರ್ಥವಾಗದು ಎಂಬ ಮಾತು ಅಲ್ಲಿ ಸುಳ್ಳಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ರಸಗ್ರಹಣ ಎಂದರೇನು ಎಂಬುದಕ್ಕೆ ‘ಪಥೇರ್ ಪಾಂಚಾಲಿ’ಯ ಒಂದು ದೃಶ್ಯ ಸಾಕು. ಮಗಳು ದುರ್ಗಾ ತೀರಿಕೊಂಡದ್ದು ತಿಳಿಯದೆ ಊರಿಗೆ ಮರಳಿದ ಹರಿಹರ, ಅವಳಿಗೆಂದು ತಂದ ಸೀರೆಯನ್ನು ಹೆಂಡತಿಗೆ ಕೊಡುತ್ತಾನೆ. ಸರ್ಬಜಯಾ ಕುಸಿದು ಅಳುತ್ತಾಳೆ. ಆದರೆ ಅವಳ ದನಿ ನಮಗೆ ಕೇಳಿಸದು. ಅದರ ಬದಲು ತಾರ್ ಶಹನಾಯಿ ಎಂಬ ತಂತಿವಾದ್ಯ ಕೇಳಿಸುತ್ತದೆ. ಕಥೆಯನ್ನಷ್ಟೇ ಬಲ್ಲವನು ‘ತಾಯಿ ಅತ್ತಳು’ ಎಂದು ಬರೆದು ಮುಂದೆ ಹೋಗುತ್ತಾನೆ. ಗಮನವಿಟ್ಟು ನೋಡಿದವನು ಆ ಅಳು ಏಕೆ ಕೇಳಿಸಲಿಲ್ಲ ಎಂದು ಯೋಚಿಸುತ್ತಾನೆ. ಅವನ ಪ್ರಬಂಧ ಅಲ್ಲಿಂದ ಶುರುವಾಗುತ್ತದೆ.

ಶಾಲೆಗಳಲ್ಲಿ ಪ್ರಬಂಧ ಬೇರೆ ದಾರಿ ಹಿಡಿಯಿತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಚೌಕಟ್ಟು ಒಳ್ಳೆಯದೇ. ಅದರೊಳಗೆ ಗೈಡ್‌ನ ವಾಕ್ಯಗಳನ್ನು ಬಾಯಿಪಾಠ ಮಾಡಿ ತುಂಬುವ ಅಭ್ಯಾಸ ಬೆಳೆದದ್ದು ಕೆಟ್ಟದ್ದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಗೈಡ್ ಕೂಡ ಬೇಡವಾಯಿತು. ಅಪಾರ ಬರಹಗಳಿಂದ ಕಲಿತ ಈ ತಂತ್ರಾಂಶ, ಮುಂದೆ ಯಾವ ಪದ ಬರಬಹುದೆಂದು ಲೆಕ್ಕಹಾಕುತ್ತ ವಾಕ್ಯ ಹೆಣೆಯುತ್ತದೆ. ತಾರ್ ಶಹನಾಯಿಯ ಸಂಗತಿಯನ್ನೂ ಅದು ಹೇಳಬಲ್ಲದು, ಏಕೆಂದರೆ ನೋಡಿದವರು ಅದರ ಬಗ್ಗೆ ಬರೆದಿಟ್ಟಿದ್ದಾರೆ. ಚಿತ್ರದಲ್ಲಿ ಇಲ್ಲದ ದೃಶ್ಯವನ್ನು ಇದೆಯೆಂದು ಬರೆಯುವುದೂ ಉಂಟು. ಚಿತ್ರ ನೋಡದ ವಿದ್ಯಾರ್ಥಿಗೆ ಎರಡರ ವ್ಯತ್ಯಾಸ ತಿಳಿಯದು.

ಇದರ ನಷ್ಟ ಹೆಚ್ಚು ತಟ್ಟುವುದು ಸರ್ಕಾರಿ ಶಾಲೆಯ ಮಕ್ಕಳಿಗೆ. ಮನೆಯಲ್ಲಿ ಮೊದಲ ಬಾರಿಗೆ ಓದು ಕಲಿತ ಮಗುವಿಗೆ ‘ನನಗೆ ಹೀಗೆ ಕಂಡಿತು’ ಎಂದು ಹೇಳುವ ಧೈರ್ಯ ಬರುವುದು ಪ್ರಬಂಧದ ಹಾಳೆಯ ಮೇಲೆ. ಆ ಹಾಳೆಯನ್ನು ಯಂತ್ರ ತುಂಬಿದರೆ ಅಂಕ ಸಿಗಬಹುದು, ಧೈರ್ಯ ಸಿಗದು.

ಪರಿಹಾರಕ್ಕೆ ದೊಡ್ಡ ಖರ್ಚು ಬೇಕಿಲ್ಲ. ತರಗತಿಯಲ್ಲಿ ಐದು ನಿಮಿಷದ ದೃಶ್ಯವನ್ನು ಎರಡು ಸಲ ತೋರಿಸಬೇಕು. ಕಂಡದ್ದು, ಕೇಳಿದ್ದು ಏನೆಂದು ಮಕ್ಕಳು ಅಲ್ಲೇ ಕೈಯಿಂದ ಬರೆಯಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ, ಭಿನ್ನಾಭಿಪ್ರಾಯ ಬಂದರೆ ದೃಶ್ಯವನ್ನು ಮತ್ತೆ ನೋಡಬೇಕು. ಯಂತ್ರದ ಪ್ರಬಂಧವನ್ನು ಕೊನೆಗೆ ತಂದು, ಅದರ ತಪ್ಪು ಒಪ್ಪುಗಳನ್ನು ಮಕ್ಕಳೇ ಹುಡುಕಲಿ. ಹೆಗ್ಗೋಡಿನ ರೈತರು ಕೂತು ನೋಡಿ ಮಾತಾಡಿದಂತೆ ನಮ್ಮ ಮಕ್ಕಳೂ ಮಾತಾಡಬಲ್ಲರು. ಶಾಲೆಯ ಮುಂದಿನ ಐವತ್ತು ವರ್ಷಗಳಲ್ಲಿ ಈ ಪಾಠಕ್ಕೆ ವಾರದಲ್ಲಿ ಒಂದು ಅವಧಿಯಾದರೂ ಸಿಗಲಿ.